ಊರಿಗೆಲ್ಲ ತಿಳಿದಿದ್ದ ಗುಟ್ಟು

ಹಳ್ಳಿಯ ಒಳಗತ್ತಲೆಯನ್ನು ಬಯಲಿಗೆಳೆಯುವ ಕೃತಿಯೊಂದು ಪ್ರಕಟವಾದಾಗಲೆಲ್ಲ, ಅದು ಗ್ರಾಮಜೀವನಕ್ಕೆ ಬಗೆದ ದ್ರೋಹವೆಂದೂ ಲೇಖಕನ ವಿಕೃತ ಕಲ್ಪನೆಯೆಂದೂ ಆಕ್ಷೇಪಿಸುವ ಸಜ್ಜನರು ನಮ್ಮಲ್ಲಿ ಇಂದಿಗೂ ಉಂಟು. ಇಂಗ್ಲೆಂಡಿನ ಹಳ್ಳಿಗಳ ದುರಂತಗಳನ್ನು ಬರೆದ ಥಾಮಸ್ ಹಾರ್ಡಿಯೂ ಇಂಥದೇ ನಿಂದೆಗೆ ಗುರಿಯಾಗಿ, 1895ರ ‘ಜೂಡ್’ ಆದಮೇಲೆ ಹೊಸ ಕಾದಂಬರಿಯನ್ನೇ ಬರೆಯದೆ ಕಾವ್ಯಕ್ಕೆ ತಿರುಗಿದನು. ಹೀಗೆ ಆಕ್ಷೇಪಿಸುವವರು, ವಿಶಾಖಪಟ್ಟಣದ ಸೀಮೆಯಲ್ಲಿ ಜನಿಸಿದ ಗುರಜಾಡ ಅಪ್ಪಾರಾಯರು ತಮ್ಮ ‘ಕನ್ಯಾಶುಲ್ಕಂ’ ನಾಟಕಕ್ಕೆ ಬರೆದ ಮುನ್ನುಡಿಯನ್ನಾದರೂ ಓದಬೇಕೆಂದು ನಾನು ಬೇಡುತ್ತೇನೆ.

ಆ ಮುನ್ನುಡಿ ಹೇಳುವಂತೆ, ವಿಜಯನಗರಂ ಸಂಸ್ಥಾನದ ಮಹಾರಾಜರು ಮೂರು ವರ್ಷಗಳ ಅವಧಿಯಲ್ಲಿ ವಿಶಾಖಪಟ್ಟಣ ಜಿಲ್ಲೆಯ ಬ್ರಾಹ್ಮಣ ಕುಟುಂಬಗಳಲ್ಲಿ ಹೆಣ್ಣಿಗೆ ಹಣ ಪಡೆದು ನಡೆಸಿದ ವಿವಾಹಗಳ ಪಟ್ಟಿ ಮಾಡಿಸಿದಾಗ, ಅವುಗಳ ಸಂಖ್ಯೆ 1,034ನ್ನು ಮುಟ್ಟಿತು. 99 ವಧುಗಳಿಗೆ ಐದೇ ವರ್ಷ, 36 ಮಂದಿಗೆ ಮೂರು, ಮೂವರಿಗೆ ಕೇವಲ ಒಂದು. ಆ ಹಸುಗೂಸುಗಳ ಬೆಲೆ 350ರಿಂದ 400 ರೂಪಾಯಿ! ಈ ವ್ಯವಹಾರ ಯಾರಿಗೆ ತಿಳಿದಿರಲಿಲ್ಲ? ಮುಹೂರ್ತವಿಟ್ಟ ಪುರೋಹಿತನಿಗೆ ತಿಳಿದಿತ್ತು, ಪಂಕ್ತಿಯಲ್ಲಿ ಕುಳಿತು ಉಂಡ ಬಂಧುಗಳಿಗೆ ತಿಳಿದಿತ್ತು, ಹೆತ್ತ ತಾಯಿಗಂತೂ ತಿಳಿದೇ ಇತ್ತು. ನಮ್ಮ ಅಗ್ರಹಾರಗಳ ರಹಸ್ಯವೆಂದರೆ ಯಾರೂ ಅರಿಯದ ಸಂಗತಿಯಲ್ಲ, ಎಲ್ಲರೂ ಅರಿತು ಯಾರೂ ಆಡದೆ ಉಳಿಸಿಕೊಂಡ ಸಂಗತಿ. ಆದುದರಿಂದಲೇ ಅದನ್ನು ಆಡಿದ ಲೇಖಕನ ಮೇಲೆ ಊರಿಗೆ ಅಷ್ಟು ಕೋಪ.

1892ರಲ್ಲಿ ರಂಗವೇರಿ 1897ರಲ್ಲಿ ಅಚ್ಚಾದ ಈ ನಾಟಕವನ್ನು ಅದರ ಗಿರೀಶಂ ಎಂಬ ಪಾತ್ರದ ಮಾತಿನ ಚಮತ್ಕಾರಕ್ಕಾಗಿ ಜನ ಮೆಚ್ಚುತ್ತಾರೆ, ಮೆಚ್ಚತಕ್ಕದ್ದೇ. ಆದರೆ ಹಿರಿಯ ಮಗಳು ಬುಚ್ಚಮ್ಮ ಬಾಲವಿಧವೆಯಾಗಿ ಕಣ್ಣೆದುರಿಗೇ ಇರುವಾಗ ಕಿರಿಯ ಮಗಳನ್ನೂ ಮುದುಕನಿಗೆ ಮಾರಹೊರಟ ಅಗ್ನಿಹೋತ್ರಾವಧಾನ್ಲುವಿನ ಮನೆಯಲ್ಲಿ ಆ ನಗೆ ನನ್ನ ಗಂಟಲಲ್ಲಿಯೇ ನಿಲ್ಲುತ್ತದೆ.

ಅದೇ ಮದರಾಸು ಪ್ರಾಂತದ ಇನ್ನೊಂದು ಕರಾವಳಿಯಲ್ಲಿ, ಮಂಗಳೂರಿನಲ್ಲಿ, ಆ ನಾಟಕ ಅಚ್ಚಾದ ಎರಡೇ ವರ್ಷಗಳ ಬಳಿಕ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಹೊರಬಂದಿತು. ಅಲ್ಲಿಯೂ ಬಾಲವಿಧವೆ, ಅಲ್ಲಿಯೂ ಧರ್ಮದ ವೇಷ ತೊಟ್ಟ ದುರಾಚಾರ. ಗುಲ್ವಾಡಿಯವರು ವೃತ್ತಿಯಿಂದ ಪೊಲೀಸ್ ಅಧಿಕಾರಿ. ಠಾಣೆಯ ಕಡತಕ್ಕೆ ಬಾರದ ಅಪರಾಧಗಳನ್ನು ಅವರು ಕಾದಂಬರಿಯಲ್ಲಿ ದಾಖಲಿಸಿದರೆಂದು ನನಗನಿಸುತ್ತದೆ. ಇವರೀರ್ವರೂ ತಮ್ಮ ಜನರನ್ನು ದ್ವೇಷಿಸಿದವರಲ್ಲ, ಆ ಮಕ್ಕಳ ಪಕ್ಷವನ್ನು ವಹಿಸಿದವರು. ನಮ್ಮ ಕಾಲೇಜುಗಳಲ್ಲಿ ‘ಇಂದಿರಾಬಾಯಿ’ಯನ್ನು ಮೊದಲ ಸಾಮಾಜಿಕ ಕಾದಂಬರಿಯೆಂಬ ಒಂದಂಕದ ಪ್ರಶ್ನೆಗೆ ಸೀಮಿತಗೊಳಿಸದೆ, ‘ಕನ್ಯಾಶುಲ್ಕಂ’ನ ಜತೆಗಿಟ್ಟು, ಆ ಮುನ್ನುಡಿಯ ಅಂಕಿಗಳನ್ನೂ ತೋರಿಸಿ ಪಾಠ ಹೇಳುವಂತಾಗಬೇಕು.