ಹೊಲದ ಹೆಸರು ಮತ್ತು ಸ್ಥಳನಾಮ ಅಧ್ಯಯನ

ಸ್ಥಳನಾಮಗಳ ಅಧ್ಯಯನಕ್ಕೆ ಕನ್ನಡದಲ್ಲಿ ದೀರ್ಘವಾದ ಪರಂಪರೆಯಿದೆ. ಶಂ.ಬಾ. ಜೋಶಿಯವರು ‘ಎಡೆಗಳು ಹೇಳುವ ಕಂನಾಡ ಕಥೆ’ಯಲ್ಲಿ ಊರ ಹೆಸರುಗಳನ್ನೇ ಆಕರವಾಗಿಸಿಕೊಂಡು ನಾಡಿನ ಪ್ರಾಚೀನತೆಯನ್ನು ಅರಸಿದರು. ಅನಂತರದವರು ಊರು, ಹಳ್ಳಿ, ಪುರ ಮೊದಲಾದ ವಾರ್ಗಿಕಗಳನ್ನು ವಿಂಗಡಿಸಿ ಈ ಕ್ಷೇತ್ರವನ್ನು ಬೆಳೆಸಿದರು. ಆದರೆ ಈ ಶ್ರಮ ಬಹುಮಟ್ಟಿಗೆ ಊರಬಾಗಿಲಿನಲ್ಲೇ ನಿಂತಿದೆ. ಊರಾಚೆಯ ಹೊಲ, ಗದ್ದೆ, ದಿಣ್ಣೆ, ಕಟ್ಟೆ, ಹಳ್ಳಗಳ ಹೆಸರುಗಳಿಗೆ ಸಲ್ಲಬೇಕಾದ ಗಮನ ಸಂದಿಲ್ಲ.

ಇಂಥ ಹೆಸರುಗಳ ಬೆಲೆಯನ್ನರಿಯಲು ಮದ್ದೂರು ತಾಲ್ಲೂಕಿನ ಆತಕೂರು ಶಾಸನವೊಂದೇ ಸಾಕು. ಕ್ರಿ.ಶ. 949-50ರ ಈ ಶಾಸನ ತಕ್ಕೋಲದ ಯುದ್ಧದ ಉಲ್ಲೇಖಕ್ಕಾಗಿ, ಕಾಳಿಯೆಂಬ ಬೇಟೆನಾಯಿಯ ಕಥೆಗಾಗಿ ಪ್ರಸಿದ್ಧ. ಅಷ್ಟಾಗಿ ಚರ್ಚೆಗೆ ಬಾರದ ಅಂಶ ಬೇರೊಂದಿದೆ. ನಾಯಿ ಹಂದಿಯೊಡನೆ ಕಾದಿ ಸತ್ತದ್ದು ಕೆಳಲೆನಾಡಿನ ಬೆಳತೂರಿನ ಪಡುವಣ ಮೊರಡಿಯಲ್ಲಿ. ಅದರ ಕಲ್ಲಿಗೆ ಬಿಟ್ಟ ಎರಡು ಖಂಡುಗ ಮಣ್ಣು ಹಿರಿಯ ಕೆರೆಯ ಕೆಳಗೆ, ‘ಮಳ್ತಿಕಾಳಂಗ’ ಎಂಬಲ್ಲಿ. ಒಂದು ಗದ್ದೆಬಯಲಿನ ಹೆಸರು ಸಾವಿರ ವರ್ಷಕ್ಕೂ ಮಿಕ್ಕಿ ಹೀಗೆ ಉಳಿದು ಬಂದಿದೆ. ಕಲ್ಲು ಬೆಂಗಳೂರಿನ ವಸ್ತುಸಂಗ್ರಹಾಲಯ ಸೇರಿತು. ಬಯಲನ್ನು ಹಾಗೆ ಸಾಗಿಸಲಾಗದು. ಅದನ್ನು ಆ ನೆಲದಲ್ಲೇ, ಅಲ್ಲಿನವರ ಬಾಯಲ್ಲೇ ಹುಡುಕಬೇಕು.

ಇಂದು ಪಹಣಿಯಲ್ಲಿ ಜಮೀನು ಗುರುತಾಗುವುದು ಸರ್ವೆ ನಂಬರಿನಿಂದ. ಆಡಳಿತಕ್ಕೆ ಅಷ್ಟು ಸಾಕು, ಅದನ್ನು ಆಕ್ಷೇಪಿಸಬೇಕಾಗಿಲ್ಲ. ಆದರೂ ನೆರೆಯ ಮಹಾರಾಷ್ಟ್ರದ ‘ಸಾತ್‌ಬಾರಾ’ ದಾಖಲೆಯಲ್ಲಿ ಹೊಲದ ಸ್ಥಳೀಯ ಹೆಸರಿಗೆಂದೇ ಜಾಗವಿರುವುದನ್ನು ಗಮನಿಸಬೇಕು. ಮಂಡ್ಯ ಸೀಮೆಯಲ್ಲಂತೂ ಈ ಹೆಸರುಗಳಿಗೆ ವಿಶೇಷ ಮಹತ್ವವಿದೆ. 1930ರ ದಶಕದಲ್ಲಿ ವಿಶ್ವೇಶ್ವರಯ್ಯ ನಾಲೆಯ ನೀರು ಹರಿದ ಮೇಲೆ ರಾಗಿಯ ಹೊಲಗಳು ಭತ್ತ, ಕಬ್ಬಿನ ಗದ್ದೆಗಳಾದವು. ನೆಲ ಬದಲಾದಷ್ಟು ಬೇಗ ಹೆಸರು ಬದಲಾಗುವುದಿಲ್ಲ. ನೀರು ನಿಂತ ಗದ್ದೆಗೆ ‘ಹೊಲ’ವೆಂದೋ, ಸಮತಟ್ಟಾದ ಬಯಲಿಗೆ ‘ದಿಣ್ಣೆ’ಯೆಂದೋ ಹೆಸರು ಉಳಿದಿದ್ದರೆ ಅಲ್ಲಿ ನಾಲೆಗೆ ಹಿಂದಿನ ಭೂಚಿತ್ರ ಅಡಗಿರುತ್ತದೆ. ಆ ನೆಲದಲ್ಲೀಗ ಬಡಾವಣೆಗಳು ಏಳುತ್ತಿವೆ. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ದಶಪಥ ಹೆದ್ದಾರಿ ಮದ್ದೂರು, ಮಂಡ್ಯ ತಾಲ್ಲೂಕುಗಳನ್ನು ಹಾದುಹೋಗಿದೆ. ಮಳವಳ್ಳಿ ತಾಲ್ಲೂಕಿನ ಗಗನಚುಕ್ಕಿಯ ಹೆಸರು ಪ್ರವಾಸಿಗರ ದೆಸೆಯಿಂದ ಎಲ್ಲ ನಕ್ಷೆಗಳನ್ನೂ ಸೇರಿತು. ಅಲ್ಲಿನ ಬೆದ್ದಲು ಹೊಲಗಳ ಹೆಸರಿಗೆ ಅಂಥ ಭಾಗ್ಯವಿಲ್ಲ.

ಸಂಗ್ರಹದ ವಿಧಾನಕ್ಕೆ ಮಾದರಿಗಳಿಲ್ಲದಿಲ್ಲ. 19ನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ಭೂಮಾಪಕರು ಪ್ಯಾರಿಷ್‌ವಾರು ಹೆಸರಿನ ಪುಸ್ತಕಗಳನ್ನು ಬರೆದಿಟ್ಟರು. ಪ್ರತಿ ಹೆಸರಿನೊಂದಿಗೆ ಅದರ ಬೇರೆ ಬೇರೆ ಬರಹರೂಪಗಳೂ ಅದನ್ನು ದೃಢಪಡಿಸಿದವರ ಹೆಸರೂ ಅಲ್ಲಿವೆ. ಆದರೆ ಭೂಮಾಲೀಕರು, ಪಾದ್ರಿಗಳಂಥವರ ಮಾತಿಗೆ ಅಲ್ಲಿ ಹೆಚ್ಚು ಮನ್ನಣೆ ದೊರೆಯಿತು. ಅದನ್ನು ಇಲ್ಲಿ ಅನುಸರಿಸಬೇಕಾಗಿಲ್ಲ. ಪಟೇಲಿಕೆ, ಶಾನುಭೋಗಿಕೆಗಳು 1963ರಲ್ಲೇ ರದ್ದಾದವು. ನೀರುಗಂಟಿಗಳು, ಕುರಿ ಕಾಯುವವರು, ನಾಟಿ ಹಾಕುವ, ಕಳೆ ಕೀಳುವ ಹೆಂಗಸರು ಈ ವಿಷಯದಲ್ಲಿ ಉತ್ತಮ ವಕ್ತೃಗಳು. ಒಡೆಯನಿಗೆ ತನ್ನ ಹೊಲದ ಹೆಸರು ಗೊತ್ತಿದ್ದರೆ ಸಾಕು. ಕೂಲಿಗೆ ಹೋಗುವವರಿಗೆ ಹತ್ತಾರು ಮಂದಿಯ ಹೊಲಗಳ ಹೆಸರು ಗೊತ್ತಿರಬೇಕಾಗುತ್ತದೆ. ಕೇಳಿದ ಹೆಸರನ್ನು ಶಿಷ್ಟಗೊಳಿಸದೆ ಆಡುವಂತೆಯೇ ಬರೆದು, ಪಕ್ಕದಲ್ಲಿ ಸರ್ವೆ ನಂಬರನ್ನೂ ನಮೂದಿಸಬೇಕು. ನಂಬರಿಲ್ಲದ ಪಟ್ಟಿ ಹಿಡಿದು ಮುಂದಿನ ಸಂಶೋಧಕ ಆ ಹೊಲಕ್ಕೆ ಹೋಗಲಾರ.

ಇದಕ್ಕೆ ದೊಡ್ಡ ಯೋಜನೆಯೇನೂ ಬೇಕಿಲ್ಲ. ಈ ಮೂರು ತಾಲ್ಲೂಕುಗಳಿಂದ ಬರುವ ಎಂ.ಎ. ವಿದ್ಯಾರ್ಥಿಗಳು ತಂತಮ್ಮ ಊರಿನ ಹೊಲಗಳ ಹೆಸರನ್ನೇ ಕಿರುಪ್ರಬಂಧದ ವಸ್ತುವಾಗಿಸಿಕೊಳ್ಳಬಹುದು. ಮೊದಲ ಪಟ್ಟಿ ಆತಕೂರಿನದಾಗಲಿ. ‘ಮಳ್ತಿಕಾಳಂಗ’ ಸವೆದು ಯಾವುದಾದರೂ ರೂಪದಲ್ಲಿ ಅಲ್ಲಿನ ಆಡುಮಾತಿನಲ್ಲಿ ಉಳಿದಿದೆಯೇ ಎಂಬುದು ಆ ಪಟ್ಟಿಯಿಂದಲೇ ತಿಳಿಯಬೇಕು.