ಕಾಮಾಲೆ ಕಳೆಯುವುದು ನೆಲನೆಲ್ಲಿಯೇ?

ಮಳೆಗಾಲದಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ ಮನೆಯಂಗಳ, ಗದ್ದೆಯ ಅಂಚು, ತೋಟದ ದಾರಿ ಎಲ್ಲೆಂದರಲ್ಲಿ ಗೇಣುದ್ದದ ಗಿಡವೊಂದು ತಾನಾಗಿ ಹುಟ್ಟುತ್ತದೆ. ಎಲೆಗಳು ನೆಲ್ಲಿಮರದ ಎಲೆಗಳಂತೆ ಚಿಕ್ಕವು. ಎಲೆಕಡ್ಡಿಯ ಅಡಿಯಲ್ಲಿ ಸಾಸಿವೆಗಿಂತ ತುಸು ದೊಡ್ಡ ಕಾಯಿಗಳ ಸಾಲು. ಇದೇ ನೆಲನೆಲ್ಲಿ, ಕಿರುನೆಲ್ಲಿ ಎಂದೂ ಕರೆಯುತ್ತಾರೆ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಫಿಲಾಂತಸ್ ಅಮಾರಸ್. ‘ಅಮಾರಸ್’ ಎಂದರೆ ಕಹಿ.

ಆಸ್ಪತ್ರೆ ದೂರವಿದ್ದ ಕಾಲದಲ್ಲಿ ಯಾರದಾದರೂ ಕಣ್ಣು ಹಳದಿಯಾದರೆ ಮನೆಯ ಹಿರಿಯರು ಹುಡುಕುತ್ತಿದ್ದುದು ಈ ಗಿಡವನ್ನೇ. ಬೇರುಸಹಿತ ಕಿತ್ತು, ತೊಳೆದು, ಅರೆದು, ಹಾಲಿನಲ್ಲೋ ಮಜ್ಜಿಗೆಯಲ್ಲೋ ಕದಡಿ ಬೆಳಗ್ಗೆ ಬರಿಹೊಟ್ಟೆಗೆ ಕುಡಿಸುತ್ತಿದ್ದರು. ಎಣ್ಣೆ, ಜಿಡ್ಡು, ಖಾರ ವರ್ಜ್ಯ. ಮೂತ್ರದ ಕಲ್ಲು, ಜ್ವರ, ಭೇದಿಗಳಿಗೂ ಇದನ್ನು ಕೊಡುವುದಿತ್ತು. ಆದರೆ ಹೆಸರು ಬಂದದ್ದು ಕಾಮಾಲೆಯಿಂದ. ಕುಡಿದವರಲ್ಲಿ ಹೆಚ್ಚಿನವರು ಗುಣವಾದದ್ದೂ ನಿಜ. ಹಾಗಾದರೆ ಗುಣಪಡಿಸಿದ್ದು ನೆಲನೆಲ್ಲಿಯೇ?

ಉತ್ತರಕ್ಕೆ ಮೊದಲು ಒಂದು ಮಾತು ತಿಳಿದಿರಬೇಕು. ಕಾಮಾಲೆ ಒಂದು ರೋಗವಲ್ಲ, ರೋಗದ ಲಕ್ಷಣ. ನಮ್ಮ ಕೆಂಪು ರಕ್ತಕಣಗಳ ಆಯುಸ್ಸು ಸುಮಾರು 120 ದಿನ. ಹಳೆಯ ಕಣಗಳು ಒಡೆದಾಗ ಬಿಲಿರುಬಿನ್ ಎಂಬ ಹಳದಿ ವಸ್ತು ಉಂಟಾಗುತ್ತದೆ. ಪಿತ್ತಜನಕಾಂಗವು ಅದನ್ನು ಪಿತ್ತರಸದ ಜೊತೆ ಕರುಳಿಗೆ ಸಾಗಿಸುತ್ತದೆ. ಹಿಂದೆ ಮಲೆನಾಡನ್ನು ಕಾಡಿದ ಮಲೇರಿಯಾದಂಥ ರೋಗದಲ್ಲಿ ರಕ್ತಕಣಗಳು ವಿಪರೀತ ಒಡೆದರೆ, ವೈರಸ್ಸಿನಿಂದ ಪಿತ್ತಜನಕಾಂಗ ಊದಿಕೊಂಡರೆ, ಅಥವಾ ಪಿತ್ತನಾಳಕ್ಕೆ ಕಲ್ಲು ಅಡ್ಡ ಬಂದರೆ ಬಿಲಿರುಬಿನ್ ರಕ್ತದಲ್ಲೇ ಉಳಿಯುತ್ತದೆ. ಕಾರಣ ಬೇರೆಬೇರೆ, ಬಣ್ಣ ಒಂದೇ.

ಶಾಲಾ ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ಹೆಪಟೈಟಿಸ್-ಎ. ಇದು ಕಲುಷಿತ ನೀರು, ಆಹಾರಗಳಿಂದ ಹರಡುತ್ತದೆ. ಈ ವೈರಸ್ಸನ್ನು ಕೊಲ್ಲುವ ಔಷಧಿ ಇಲ್ಲ. ಅದರ ಅಗತ್ಯವೂ ಸಾಮಾನ್ಯವಾಗಿ ಬೀಳುವುದಿಲ್ಲ. ಕೆಲವು ವಾರಗಳಲ್ಲಿ ದೇಹವೇ ಅದನ್ನು ಸೋಲಿಸುತ್ತದೆ. ನೆಲನೆಲ್ಲಿ ಕುಡಿದವನೂ ಗುಣವಾಗುತ್ತಾನೆ, ಕುಡಿಯದವನೂ ಗುಣವಾಗುತ್ತಾನೆ. ಕುಡಿದವನ ಮನೆಯಲ್ಲಿ ಮಾತ್ರ ಕೀರ್ತಿ ಗಿಡಕ್ಕೆ ಸಲ್ಲುತ್ತದೆ!

ವಿಜ್ಞಾನಿಗಳು ಈ ಗಿಡವನ್ನು ಕಡೆಗಣಿಸಲಿಲ್ಲ. ಹೆಪಟೈಟಿಸ್-ಬಿ ವೈರಸ್ ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದ ಬ್ಲೂಮ್‌ಬರ್ಗ್ ಹಾಗೂ ಮದರಾಸಿನ ತ್ಯಾಗರಾಜನ್ ಮುಂತಾದವರು 1988ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿಯೊಂದನ್ನು ಪ್ರಕಟಿಸಿದರು. ಆ ವೈರಸ್ ಹೊತ್ತಿದ್ದವರಿಗೆ ನೆಲನೆಲ್ಲಿಯ ಪುಡಿ ಕೊಟ್ಟಾಗ 37 ಜನರಲ್ಲಿ 22 ಮಂದಿಯ ರಕ್ತದಿಂದ ವೈರಸ್ಸಿನ ಗುರುತು ಮಾಯವಾಗಿತ್ತು. ಔಷಧವಿಲ್ಲದ ಹುಸಿಪುಡಿ ಪಡೆದ 23 ಜನರಲ್ಲಿ ಹಾಗಾದದ್ದು ಒಬ್ಬರಿಗೆ ಮಾತ್ರ. ಆಸೆ ಚಿಗುರಿತು. ಆದರೆ ಮುಂದೆ ಥಾಯ್ಲೆಂಡ್, ನ್ಯೂಜಿಲೆಂಡ್‌ಗಳಲ್ಲಿ ನಡೆದ ಪರೀಕ್ಷೆಗಳಲ್ಲಿ ಅಂಥ ಫಲ ಸಿಗಲಿಲ್ಲ. ಇನ್ನೊಬ್ಬರು ಮಾಡಿದಾಗಲೂ ಅದೇ ಫಲ ಬಂದರೆ ಮಾತ್ರ ಪ್ರಯೋಗ ಗೆದ್ದಂತೆ.

‘ಕುಡಿದರೆ ನಷ್ಟವೇನು?’ ಎಂದು ಕೇಳಬಹುದು. ನಷ್ಟ ಗಿಡದಿಂದಲ್ಲ, ಕಳೆದುಹೋಗುವ ದಿನಗಳಿಂದ. ಮಳೆಗಾಲದಲ್ಲಿ ಕೆಸರುಗದ್ದೆಗೆ ಇಳಿಯುವವರಿಗೆ ಇಲಿಜ್ವರ ತಗಲಬಹುದು. ಇಲಿಯ ಮೂತ್ರ ಸೇರಿದ ನೀರಿನಿಂದ, ಚರ್ಮದ ಗಾಯದ ಮೂಲಕ ಅದರ ರೋಗಾಣು ಒಳಸೇರುತ್ತದೆ. ಅದು ಉಲ್ಬಣಿಸಿದಾಗಲೂ ಕಣ್ಣು ಹಳದಿಯಾಗುತ್ತದೆ, ಮೂತ್ರಪಿಂಡ ಕೈಕೊಡಬಹುದು. ಇದಕ್ಕೆ ಪೆನಿಸಿಲಿನ್‌ನಂಥ ಒಳ್ಳೆಯ ಔಷಧಿಗಳಿವೆ, ಆದರೆ ಬೇಗ ಸಿಗಬೇಕು. ಗರ್ಭಿಣಿಯರಿಗೆ ಬರುವ ಹೆಪಟೈಟಿಸ್-ಇ ಜೀವಕ್ಕೇ ಅಪಾಯ ತರಬಲ್ಲದು. ಇಂಥವರು ಕಷಾಯ ಕುಡಿದು ಪಥ್ಯ ಹಿಡಿದು ಮನೆಯಲ್ಲಿ ಉಳಿದರೆ ಉಳಿಸಬಹುದಾದ ಜೀವವೂ ಹೋದೀತು.

ಆದ್ದರಿಂದ ತಂದೆತಾಯಿಗಳು ಗಮನಿಸಬೇಕು: ಕಣ್ಣು ಹಳದಿಯಾದ ಕೂಡಲೇ ವೈದ್ಯರಿಗೆ ತೋರಿಸಿ, ರಕ್ತಪರೀಕ್ಷೆ ಮಾಡಿಸಬೇಕು. ಹಳದಿಯ ಜೊತೆ ತೀವ್ರ ಜ್ವರ, ಮೀನಖಂಡದ ನೋವು, ಮಂಪರು, ರಕ್ತಸ್ರಾವ ಕಂಡರೆ, ಮೂತ್ರ ಕಡಿಮೆಯಾದರೆ ಒಂದು ದಿನವೂ ತಡಮಾಡಬಾರದು. ಮಕ್ಕಳು ಕುದಿಸಿ ಆರಿಸಿದ ನೀರು ಕುಡಿಯಲಿ, ಊಟಕ್ಕೆ ಮೊದಲು ಸೋಪಿನಿಂದ ಕೈ ತೊಳೆಯಲಿ. ಹೆಪಟೈಟಿಸ್-ಬಿಗೆ ಲಸಿಕೆ ಇದೆ. ಹುಟ್ಟಿದ 24 ಗಂಟೆಯೊಳಗೆ ಮೊದಲ ಚುಚ್ಚುಮದ್ದು ಹಾಕಿಸಬೇಕು.

ಹಿರಿಯರ ಮದ್ದನ್ನು ಹಾಸ್ಯ ಮಾಡಬೇಕಾಗಿಲ್ಲ. ಅವರ ಕೈಯಲ್ಲಿದ್ದುದು ಅದೊಂದೇ. ಇಂದು ರಕ್ತದ ಒಂದು ಹನಿಯಿಂದ ಹಳದಿಯ ಕಾರಣ ತಿಳಿಯುವ ಅನುಕೂಲವಿದೆ. ಮೊದಲು ಅದನ್ನು ತಿಳಿಯೋಣ.