ಗೃಹ ಹಿಂಸೆ: ಕಾನೂನಿನ ಮೊರೆ ಹೋಗುವುದು ದ್ರೋಹವೇ?

ಪತಿಯ ಏಟಿನಿಂದ ಮೈ ಕಪ್ಪುಗಟ್ಟಿದ ಹೆಣ್ಣುಮಗಳು ಜಮಾಅತ್‌ನ ಮುಂದೆ ಬಂದು ನಿಂತಾಗ ನಮ್ಮ ಹಿರಿಯರ ಬಾಯಿಂದ ಹೊರಡುವ ಮೊದಲ ಪದ ‘ಸಬ್ರ್’. ಎರಡನೆಯದು, ಕೋರ್ಟಿಗೆ ಹೋಗಿ ಸಮುದಾಯದ ಮಾನ ಕಳೆಯಬೇಡ ಎಂಬ ಬುದ್ಧಿವಾದ. ಜಮೀನಿನ ಗಡಿ ತಕರಾರಿಗೆ, ಚೆಕ್ ಬೌನ್ಸ್ ಪ್ರಕರಣಕ್ಕೆ ಅದೇ ಕೋರ್ಟಿನ ಮೆಟ್ಟಿಲು ಸವೆಸಿದವರಿಗೆ ಆಗ ಈ ಮಾನ ನೆನಪಾಗಿರಲಿಲ್ಲ.

ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ಸಂರಕ್ಷಿಸುವ 2005ರ ಕಾಯ್ದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಅದು ಶರೀಅತ್‌ನಲ್ಲಿ ಹಸ್ತಕ್ಷೇಪವೆಂದು ದೂರುವವರಲ್ಲಿ ಅದನ್ನು ಓದಿದವರು ವಿರಳ. ಅದು ನಿಕಾಹನ್ನು ಮುರಿಯುವುದಿಲ್ಲ, ತಲಾಕ್‌ನ ವಿಧಿಯನ್ನು ಮುಟ್ಟುವುದಿಲ್ಲ. ಇನ್ನು ಹೊಡೆಯಕೂಡದೆಂದು ಮ್ಯಾಜಿಸ್ಟ್ರೇಟರು ಆದೇಶಿಸಬಹುದು; ವಾಸದ ಮನೆಯಿಂದ ಆಕೆಯನ್ನು ಹೊರಹಾಕದಂತೆ ತಡೆಯಬಹುದು; ಚಿಕಿತ್ಸೆಯ ಖರ್ಚು, ಜೀವನಾಂಶ ಕೊಡಿಸಬಹುದು. ರಕ್ಷಣಾ ಆದೇಶ ಮೀರಿದವನಿಗೆ ಒಂದು ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇದರಲ್ಲಿ ಇಸ್ಲಾಮಿಗೆ ವಿರುದ್ಧವಾದುದು ಯಾವುದು?

ಸಾಬಿತ್ ಬಿನ್ ಕೈಸ್(ರ)ರ ಪತ್ನಿ ಹಬೀಬಾ(ರ) ಏಟು ತಿಂದು ಮುಂಜಾನೆಯೇ ಪ್ರವಾದಿ(ಸ)ರ ಬಳಿ ದೂರು ತಂದ ವಿಚಾರ ಅಬೂದಾವೂದ್‌ನಲ್ಲಿದೆ. ಪ್ರವಾದಿ(ಸ)ರು ಆಕೆಗೆ ಸಬ್ರ್‌ನ ಉಪದೇಶ ಮಾಡಿ ಹಿಂದೆ ಕಳುಹಿಸಲಿಲ್ಲ. ಪತಿಯನ್ನು ಕರೆಸಿದರು, ಬೇರ್ಪಡಿಸಿದರು. ಅನ್ನಿಸಾ ಅಧ್ಯಾಯದ 34ನೇ ವಚನದ ಒಂದು ಪದವನ್ನು ಬೆತ್ತದಂತೆ ಹಿಡಿದಿರುವವರು, ಆ ವಚನವನ್ನು ನಮಗೆ ತಲುಪಿಸಿದ ಪ್ರವಾದಿ(ಸ)ರು ಯಾವ ಸ್ತ್ರೀಗೂ ಹೊಡೆದಿರಲಿಲ್ಲವೆಂಬ ಆಯಿಶಾ(ರ)ರ ಸಾಕ್ಷ್ಯವನ್ನು ಮಾತ್ರ ಮರೆಯುತ್ತಾರೆ. ಸಹೀಹ್ ಮುಸ್ಲಿಮ್ ಅವರ ಕಪಾಟಿನಲ್ಲೂ ಇರುತ್ತದೆ.

ಮರುವಚನ ಎರಡೂ ಕುಟುಂಬಗಳಿಂದ ಒಬ್ಬೊಬ್ಬ ಮಧ್ಯಸ್ಥನನ್ನು ನೇಮಿಸಲು ಆದೇಶಿಸುತ್ತದೆ. ನಮ್ಮ ಎಷ್ಟು ಪಂಚಾಯತಿಗಳಲ್ಲಿ ಆಕೆಯ ಕಡೆಯವನಿಗೆ ಬಾಯಿ ತೆರೆಯಲು ಅವಕಾಶವಿದೆ? ಅದಿರಲಿ. ಸಂಧಾನ ಮುರಿದ ರಾತ್ರಿ ಆತನ ಕೈಯನ್ನು ತಡೆಯುವ ಅಧಿಕಾರ ಜಮಾಅತ್‌ಗಿಲ್ಲ. ಅಂದಿನ ಕಾಝಿಗೆ ಆ ಅಧಿಕಾರವಿತ್ತು; ಇಂದು ಅದು ಇರುವುದು ದೇಶದ ನ್ಯಾಯಾಲಯಕ್ಕೆ. ತನ್ನಲ್ಲಿಲ್ಲದ ಶಕ್ತಿ ಇರುವ ಕಡೆಗೂ ಆಕೆಯನ್ನು ಬಿಡದ ಜಮಾಅತ್ ಯಾರ ಪಕ್ಷದಲ್ಲಿದೆ?

ಕಾಯ್ದೆಯ ಜಾರಿಯಲ್ಲಿ ಲೋಪಗಳಿವೆ. 60 ದಿನಗಳೊಳಗೆ ಅರ್ಜಿ ಇತ್ಯರ್ಥಗೊಳಿಸಲು ಪ್ರಯತ್ನಿಸಬೇಕೆಂದು ಅದೇ ಹೇಳಿದರೂ ತಿಂಗಳುಗಳು ಕಳೆಯುತ್ತವೆ. ಅಂಗನವಾಡಿಗಳ ಉಸ್ತುವಾರಿ ಹೊತ್ತ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಹೆಗಲಿಗೇ ನಮ್ಮ ರಾಜ್ಯದಲ್ಲಿ ಸಂರಕ್ಷಣಾಧಿಕಾರಿಯ ಹೊಣೆಯೂ ಬಿದ್ದಿದೆ. ಜಮಾಅತ್‌ಗಳಿಗೆ ಸಿಟ್ಟಿದ್ದರೆ ಅದನ್ನು ಸರಕಾರಕ್ಕೆ ಬರೆಯಲಿ. ಜೊತೆಗೆ, ಆಕೆ ದೂರು ತಂದ ದಿನ ತಮ್ಮ ದಫ್ತರದಲ್ಲಿ ಬರೆದ ಪುಟದ ಒಂದು ಪ್ರತಿಗೆ ಮೊಹರು ಹಾಕಿ ಆಕೆಯ ಕೈಗೆ ಕೊಡಲಿ. ಮ್ಯಾಜಿಸ್ಟ್ರೇಟರ ಮುಂದೆ ಅದು ಉಪಯೋಗಕ್ಕೆ ಬರುತ್ತದೆ.